ಗಾಡಿಮನೆ ಮತ್ತು ಕಾಶಿ ಬಸ್ಸು

ನನ್ನ ಮೊಮ್ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಬೆಳೆದದ್ದು ಗಾಡಿಯಲ್ಲಿ. ಗಾಡಿ ಅಂದರೆ ಎತ್ತಿನ ಗಾಡಿಯಲ್ಲ. ಒಲೆ, ನಲ್ಲಿ, ಮಲಗುವ ಹಲಗೆ, ಕಕ್ಕಸು ಎಲ್ಲ ಒಳಗೇ ಇರುವ, ಬಸ್ಸಿನಂಥ ಗಾಡಿ. ಅಮೆರಿಕದವರು ಅದನ್ನು ಆರ್‌ವಿ ಅನ್ನುತ್ತಾರೆ. ನಾನು ಗಾಡಿಮನೆ ಅಂದೆ, ಆಮೇಲೆ ಮಗಳೂ ಅಳಿಯನೂ ಹಾಗೇ ಅನ್ನತೊಡಗಿದರು. ಆ ಮಗುವನ್ನು ನೆನೆಸಿಕೊಂಡರೆ ಈಗಲೂ ಎದೆ ತುಂಬಿ ಬರುತ್ತದೆ, ಯಾವುದನ್ನು ಮೊದಲು ಹೇಳಲಿ ಎಂದು ತೋಚುವುದಿಲ್ಲ. ಆದರೆ ಅದೇ ವರ್ಷಗಳಲ್ಲಿ ಊರಿನಲ್ಲಿ ನನ್ನ ಅಕ್ಕ ಕಾಶಿಗೆ ಹೋಗುವುದನ್ನು ಬಿಟ್ಟು ನನ್ನ ದಾರಿ ಕಾಯುತ್ತಾ ಕುಳಿತಿದ್ದಳು. ನಾನು ಬಸ್ಸಿನಲ್ಲೇ ಸಂಸಾರ ಹೂಡಿದ್ದೆ, ಅವಳು ನನಗೋಸ್ಕರ ಬಸ್ಸು ಹತ್ತಲಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ನಮ್ಮದು ಮಂಡ್ಯದ ಕಡೆಯ ಹಳ್ಳಿ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಅವ್ವ ತೀರಿಕೊಂಡಾಗ ನಾನು ಇನ್ನೂ ಸೊಂಟದ ಕೂಸು. ಅಕ್ಕನೇ ಹೊತ್ತು ತಿರುಗಿ, ತಲೆ ಬಾಚಿ, ಬೈದು, ಉಣಿಸಿ ನನ್ನನ್ನು ದೊಡ್ಡವಳನ್ನಾಗಿ ಮಾಡಿದಳು. ಮದುವೆಯಾದ ಮೇಲೂ ಪಕ್ಕದೂರಿನಲ್ಲೇ ಇದ್ದೆವು. ವಾರಕ್ಕೊಮ್ಮೆ ನಾನು ಅವಳ ಮನೆಗೆ, ಇಲ್ಲ ಅವಳು ನಮ್ಮ ಮನೆಗೆ. ನನ್ನ ಯಜಮಾನರು ಹೋದ ಮೇಲೆ, ಮಗಳು ಬಸುರಿ ಎಂದು ತಿಳಿದಾಗ, ನನ್ನನ್ನು ವಿಮಾನ ಹತ್ತಿಸಲು ಬಂದವಳೂ ಅವಳೇ. ಆಗ ನಾನು ಹೋಗ್ತೀನಿ ಅನ್ನಲಿಲ್ಲ. ನಮ್ಮಲ್ಲಿ ಹಾಗೆ ಯಾರು ಅನ್ನುತ್ತಾರೆ? ಬತ್ತೀನಿ ಕಣಕ್ಕ, ಅಂದೆ.

ಮಗಳಿಗೆ ಅಮೆರಿಕದ ಸನ್ನಿವೇಲ್ ಎಂಬ ಊರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಬಹಳ ವರ್ಷದಿಂದ ಅಲ್ಲೇ ಇದ್ದವಳು, ಅಲ್ಲಿಯ ಪ್ರಜೆಯೂ ಆಗಿದ್ದಳು. ಅಳಿಯ ಬೆಂಗಳೂರಿನವನು. ಅವನ ಕಂಪನಿ ಎಂದರೆ ಒಂದು ಗೋದಾಮಿನಲ್ಲಿ ಮೇಜು ಹಾಕಿಕೊಂಡು ಕುಳಿತ ಹತ್ತಾರು ಹುಡುಗರು. ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಡಾಟ್ ಕಾಮ್. ಊರಿಗೆಲ್ಲ ಜನ ಬಂದು ತುಂಬಿಕೊಂಡು ಬಾಡಿಗೆ ಮನೆ ಸಿಗುವುದೇ ಕಷ್ಟ. ಒಂದು ಅಪಾರ್ಟ್‌ಮೆಂಟು ಖಾಲಿಯಾದರೆ ಬಾಗಿಲ ಮುಂದೆ ಸಾಲು. ಕೆಲಸಕ್ಕೆ ಅರ್ಜಿ ಹಾಕುವ ಹಾಗೆ ಮನೆಗೂ ಅರ್ಜಿ ಹಾಕಬೇಕು. ಮಗಳ ಮನೆಯ ಮಾಲೀಕ ಬಿಡಿ ಎಂದಾಗ ಅವಳಿಗೆ ಏಳು ತಿಂಗಳು ತುಂಬಿತ್ತು. ಅಳಿಯ ಒಂದು ಸಂಜೆ ಈ ಗಾಡಿಯನ್ನು ಓಡಿಸಿಕೊಂಡು ಬಂದು ನಿಲ್ಲಿಸಿದ. ಎರಡು ತಿಂಗಳ ಮಟ್ಟಿಗೆ, ಅಷ್ಟೇ ಅತ್ತೆ, ಅಂದ. ಮಗಳು ಮೆಟ್ಟಿಲ ಮೇಲೆ ಕುಳಿತು ಅತ್ತಳು. ನಾನು ಒಳಗೆ ಹೋಗಿ ಒಲೆ ಹಚ್ಚಿ ಹಾಲು ಉಕ್ಕಿಸಿದೆ. ಎರಡು ತಿಂಗಳು ಅಂದದ್ದು ಮಗು ಓಡಾಡಿ ಮಾತಾಡುವವರೆಗೂ ಆಯಿತು.

ಅಲ್ಲಿಂದ ಸ್ವಲ್ಪ ದೂರದ ನೆವಾರ್ಕ್ ಎಂಬ ಊರಿನ ಹತ್ತಿರ, ಉಪ್ಪಿನ ನೀರು ಕಟ್ಟಿದ ಗದ್ದೆಗಳ ಆಚೆ, ಇಂಥ ಗಾಡಿಗಳನ್ನು ನಿಲ್ಲಿಸಲೆಂದೇ ಒಂದು ಜಾಗ ಇತ್ತು. ಕರೆಂಟು, ನೀರು, ಬಟ್ಟೆ ಒಗೆಯುವ ಮಷೀನುಗಳ ಒಂದು ಕೋಣೆ. ಆದರೆ ಅಲ್ಲಿ ಒಂದೇ ಸಮನೆ ಇರಲು ಬಿಡುತ್ತಿರಲಿಲ್ಲ. ನಡುನಡುವೆ ಖಾಲಿ ಮಾಡಿ ಯೂನಿಯನ್ ಸಿಟಿ ಕಡೆಯ ಬೀದಿಗಳಲ್ಲಿ ನಿಲ್ಲಿಸಬೇಕು. ಬೀದಿಯಲ್ಲಾದರೆ ಮೂರು ದಿನಕ್ಕೊಮ್ಮೆ ಜಾಗ ಬದಲಾಯಿಸಬೇಕು. ಹೊಸ ಜಾಗಕ್ಕೆ ಹೋದಾಗಲೆಲ್ಲ ನಾನು ಉತ್ತರ ಯಾವ ಕಡೆ ಎಂದು ಕೇಳುತ್ತಿದ್ದೆ. ಉತ್ತರಕ್ಕೆ ತಲೆ ಹಾಕಿ ಹೇಗೆ ಮಲಗುವುದು? ಅತ್ತೆ, ಇದು ಪಾರ್ಕಿಂಗು, ಗೃಹಪ್ರವೇಶ ಅಲ್ಲ, ಎಂದು ಅಳಿಯ ನಗುತ್ತಿದ್ದ. ನಾನು ಸುಮ್ಮನೆ ದಿಂಬನ್ನು ಆ ತುದಿಯಿಂದ ಈ ತುದಿಗೆ ಎತ್ತಿ ಹಾಕಿಕೊಳ್ಳುತ್ತಿದ್ದೆ. ಮುದ್ದೆ ತೊಳಸುವಾಗ ಇಡೀ ಗಾಡಿ ಅಲ್ಲಾಡುತ್ತಿತ್ತು. ಒಂದು ದಿನ ಪಕ್ಕದ ಗಾಡಿಯ ಮುದುಕ ಭೂಮಿ ನಡುಗಿತೆಂದು ಹೊರಗೆ ಓಡಿ ಬಂದು ನಿಂತಿದ್ದ. ನನ್ನ ಕೈಯಲ್ಲಿನ ಕೋಲು ನೋಡಿ ಏನು ತಿಳಿದುಕೊಂಡನೋ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಗು ಬಂತಲ್ಲ, ಆಮೇಲೆ ನನಗೆ ಗಾಡಿಯೂ ಅರಮನೆಯೇ. ಕೈಯಗಲದ ತೊಟ್ಟಿಯಲ್ಲಿ ಎಣ್ಣೆ ನೀರು ಹಾಕುತ್ತಿದ್ದೆ. ಟ್ಯಾಂಕಿನಲ್ಲಿ ಬಿಸಿನೀರು ಮುಗಿದು ಬಾಣಂತಿಗೆ ಅರ್ಧ ಸ್ನಾನ, ಮಗುವಿಗೆ ಮಾತ್ರ ಪೂರ್ತಿ. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದಾಗ ಗಾಡಿಯ ಚಾವಣಿಯ ಗಂಟೆ ಕಿರುಚಿಕೊಂಡಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ಅದಕ್ಕೆ ನನ್ನ ಹಳೇ ರವಿಕೆ ಸುತ್ತಿ ಬಾಯಿ ಮುಚ್ಚಿಸಿದೆ. ಹಳೆ ಸೀರೆಯಲ್ಲಿ ಜೋಲಿ ಕಟ್ಟಿದ್ದೆ. ಗಾಡಿ ಜಾಗ ಬದಲಾಯಿಸಲು ಹೊರಟರೆ ಜೋಲಿ ತಾನೇ ತೂಗುತ್ತಿತ್ತು, ಮಗು ನಿದ್ದೆಯಲ್ಲೇ ನಗುತ್ತಿತ್ತು. ಆ ಒಂದು ನಗು ನೋಡಲು ನಾನು ನೆಲದ ಮೇಲೆ ಕುಳಿತು ಕೈಯಲ್ಲಿ ಪಾತ್ರೆಗಳನ್ನು ಹಿಡಿದುಕೊಂಡೇ ಇರುತ್ತಿದ್ದೆ, ಬಿದ್ದು ಸದ್ದಾಗಬಾರದೆಂದು. ಮಗಳು ಕೆಲಸಕ್ಕೆ ಹೋದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅದು ನನ್ನದು. ನಡೆಯಲು ಕಲಿತ ಮೇಲೆ ಯಾರದೋ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದರೆ ಕೋಣೆ ಕೋಣೆ ಹುಡುಕಿತು. ಏನು ಹುಡುಕುತ್ತಿದೆ ಎಂದರೆ, ಆ ಮನೆಯ ಸ್ಟೀರಿಂಗು.

ಇಂಥದ್ದನ್ನೆಲ್ಲ ಅಕ್ಕನಿಗೆ ಹೇಳದಿದ್ದರೆ ನನಗೆ ಉಂಡದ್ದು ಅರಗುತ್ತಿರಲಿಲ್ಲ.

ಗಾಡಿಗೆ ಫೋನಿನ ತಂತಿ ಎಲ್ಲಿಂದ ಬರಬೇಕು? ಅಳಿಯನ ಬಳಿ ಕಂಪನಿಯವರು ಕೊಟ್ಟ ಮೊಬೈಲು ಇತ್ತು, ಅದು ಆಫೀಸಿನ ಮಾತಿಗೆ ಮಾತ್ರ. ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಒಂದು ಕಾಸಿನ ಫೋನು ಇತ್ತು. ಭಾನುವಾರ ಬೆಳಗ್ಗೆ ಅಳಿಯ ಅಂಗಡಿಯಿಂದ ತಂದ ಫೋನು ಕಾರ್ಡು ಕೆರೆದು, ಉದ್ದನೆಯ ನಂಬರು ಒತ್ತಿ, ಒಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳುವುದನ್ನೆಲ್ಲ ಕೇಳಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದ. ಅಲ್ಲಿ ಅಕ್ಕನಿಗೆ ಭಾನುವಾರದ ಸಂಜೆ. ಅವರ ಬೀದಿಯ ತುದಿಯಲ್ಲಿ ಒಂದು ಎಸ್‌ಟಿಡಿ ಬೂತು. ಹೊತ್ತು ಇಳಿಯುವ ಮೊದಲೇ ಹೋಗಿ ಬೆಂಚಿನ ಮೇಲೆ ಕೂರುತ್ತಾಳೆಂದು ಅವಳ ಸೊಸೆ ಹೇಳುತ್ತಿದ್ದಳು. ಅಕ್ಕ ಅದಕ್ಕೆ ಮುಂಚೆ ಫೋನು ಹಿಡಿದವಳಲ್ಲ. ಒಂದು ಕಿವಿ ಬೇರೆ ಮಂದ.

ನಾನು ಆಡಿದ ಮಾತು ಅಲ್ಲಿಗೆ ಹೋಗಿ ಮುಟ್ಟಲು ಸ್ವಲ್ಪ ಹೊತ್ತು ಬೇಕು. ಅವಳದು ಇಲ್ಲಿಗೆ ಬರಲು ಮತ್ತೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ನಾನು ಇನ್ನೊಂದು ಶುರು ಮಾಡಿರುತ್ತೇನೆ. ಮಗುವಿಗೆ ಹಲ್ಲು ಬಂತು ಅಂದರೆ ಅವಳು ಹಸು ಈದದ್ದು ಹೇಳುತ್ತಾಳೆ, ಹಸು ಏನು ಹಾಕಿತು ಎಂದು ಕೇಳಿದರೆ ಹಲ್ಲು ಮೇಲಿನದಾ ಕೆಳಗಿನದಾ ಎಂದು ಅವಳು ಕೇಳುತ್ತಾಳೆ. ಒಮ್ಮೆ ನಿನ್ನ ಮನೆ ಯಾವ ದಿಕ್ಕಿಗೆ ಮುಖ ಅಂದಳು. ಈ ವಾರ ಪೂರ್ವಕ್ಕೆ ಅಂದೆ. ಹಂಗಾರೆ ಪೋಲಿ ಮನೆ ಕಣೇ ಅದು, ಅಂದಳು.

ಕಾರ್ಡು ಮುಗಿಯುತ್ತಾ ಬಂದಾಗ ಆ ಇಂಗ್ಲಿಷು ಹೆಂಗಸು ಮಧ್ಯೆ ಬಾಯಿ ಹಾಕುತ್ತಿದ್ದಳು. ಮಾತು ಮುಗಿಸದೆ ಎದ್ದು ಬರುವುದು ಹೇಗೆ? ಇಡ್ತೀನಿ ಅಂದ್ಬಿಡಿ ಅತ್ತೆ, ಎಲ್ರೂ ಹಾಗೇ ಅನ್ನೋದು, ಎಂದು ಅಳಿಯ ಹೇಳಿಕೊಟ್ಟ. ಇಡ್ತೀನಿ ಅಂದರೆ ನಮ್ಮ ಕಡೆ ಮಡಗ್ತೀನಿ. ಅಕ್ಕನನ್ನು ಪಾತ್ರೆಯ ಹಾಗೆ ಮಡಗುವುದೇ? ನನ್ನ ಬಾಯಿಗೆ ಅದು ಬರಲಿಲ್ಲ. ಹಟ್ಟಿ ಬಾಗಿಲಲ್ಲಿ ನಿಂತು ಹೇಳುವ ಹಾಗೆಯೇ ಹೇಳುತ್ತಿದ್ದೆ: ಬತ್ತೀನಿ ಕಣಕ್ಕ, ಬತ್ತೀನಿ. ಅಷ್ಟರಲ್ಲಿ ಫೋನು ಸತ್ತು ಹೋಗಿರುತ್ತಿತ್ತು.

ಇದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ತಿಳಿದಿದ್ದೆ.

ಅಕ್ಕನಿಗೆ ಕಾಶಿಗೆ ಹೋಗುವ ಆಸೆ ನಾನು ಚಿಕ್ಕವಳಿದ್ದಾಗಿನಿಂದ ಇತ್ತು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯಿಂದ ಬಸ್ಸು ಹೊರಡುತ್ತದೆ. ಅಡಿಗೆಯವರು, ಪಾತ್ರೆ, ಅಕ್ಕಿ ಮೂಟೆ ಎಲ್ಲ ಬಸ್ಸಿನಲ್ಲೇ. ಊರೂರಲ್ಲಿ ನಿಲ್ಲಿಸಿ ಬೇಯಿಸಿ ಉಂಡು ಮುಂದೆ ಹೋಗುತ್ತಾರೆ. ಬೀದಿಯ ಹೆಂಗಸರೆಲ್ಲ ಹೊರಟ ವರ್ಷ ಅವಳಿಗೂ ಸೀಟು ಹಿಡಿದಿದ್ದರು. ಹೋಗಿ ಬಂದಿರುತ್ತಾಳೆ ಅಂದುಕೊಂಡು ಕೇಳಿದಾಗ ಅವಳು ಈ ವರ್ಷ ಆಗಲಿಲ್ಲ ಬುಡು ಅಂದಳು. ಕಾರ್ಡಿನ ಹೆಂಗಸು ಬಾಯಿ ಹಾಕಿದಳು. ನಾನು ಬತ್ತೀನಿ ಅಂದೆ.

ಮರುವರ್ಷದ ಸುಗ್ಗಿಯ ಹೊತ್ತಿಗೆ ಒಂದು ಭಾನುವಾರ ಬೂತಿಗೆ ಅಕ್ಕ ಬರಲಿಲ್ಲ, ಸೊಸೆ ಬಂದಿದ್ದಳು. ಅತ್ತೆಗೆ ಶೀತ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಚಿಕ್ಕತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಬರೋದು ನಿಜವಾಗ್ಲೂ ಯಾವಾಗ?"

ನನಗೆ ಅರ್ಥವಾಗಲಿಲ್ಲ. ಅವಳು ಹೇಳುತ್ತಾ ಹೋದಳು. ಪ್ರತಿ ವಾರ ಅಕ್ಕ ಯಾವಾಗ ಬತ್ತೀಯೇ ಎಂದು ಕೇಳುತ್ತಾಳಂತೆ, ನಾನು ಬತ್ತೀನಿ ಬತ್ತೀನಿ ಅನ್ನುತ್ತೇನಂತೆ. ಮನೆಗೆ ಬಂದು ಅಕ್ಕ ಎಲ್ಲರಿಗೂ ಸಾರುತ್ತಾಳಂತೆ, ತಂಗಿ ಹೊರಟವ್ಳೆ ಅಂತ. ಹಪ್ಪಳ ಒಣಗಿಸಿ ಡಬ್ಬ ತುಂಬಿದ್ದಾಳೆ. ಹಾಸಿಗೆಯ ಅರಳೆ ಬಿಚ್ಚಿ ಬಿಸಿಲಿಗೆ ಹಾಕಿಸಿದ್ದಾಳೆ. ಹೋದ ವರ್ಷ ಬಸ್ಸಿನವರಿಗೆ ಬೇಡ ಅಂದದ್ದು ಅದಕ್ಕೇ. ಅಷ್ಟು ದೂರದಿಂದ ಅವಳು ಬಂದಾಗ ನಾನು ಮನೇಲಿ ಇಲ್ಲದಿದ್ರೆ ಹೆಂಗೆ, ಅಂದಳಂತೆ. ಈ ವರ್ಷವೂ ಬೇಡ ಅನ್ನುತ್ತಿದ್ದಾಳೆ. ಮಂಡಿ ನೋವು ಹೆಚ್ಚಾಗಿದೆ, ಮುಂದಿನ ಸಲಕ್ಕೆ ಬಸ್ಸಿನ ಮೆಟ್ಟಿಲು ಹತ್ತಲಾರಳು.

ನನ್ನ ಮಾತು ತಡವಾಗಿ ಹೋಗಿ ಮುಟ್ಟುತ್ತಿತ್ತು, ಅವಳ ಪ್ರಶ್ನೆ ಇನ್ನೂ ತಡವಾಗಿ ಬರುತ್ತಿತ್ತು. ಅವಳು ಕೇಳಿದ್ದು ನನಗೆ ಕೇಳಿಸುವ ಮೊದಲೇ ಫೋನು ಸಾಯುತ್ತಿತ್ತು. ನಾನು ಹೊರಡುವಾಗ ಆಡಿದ್ದು ಅಲ್ಲಿ ಅವಳ ಪ್ರಶ್ನೆಗೆ ಉತ್ತರವಾಗಿ ಹೋಗಿ ಕೂರುತ್ತಿತ್ತು. ಮೊದಲು ನಾನು ನಕ್ಕೆ. ಆಮೇಲೆ ಮಷೀನಿನಲ್ಲಿ ಬಟ್ಟೆ ತಿರುಗುವುದನ್ನು ನೋಡುತ್ತಾ ಅಲ್ಲೇ ಕುಳಿತೆ. ಮಷೀನು ನಿಂತರೂ ಏಳಲಿಲ್ಲ.

ಮಗಳಿಗೂ ಅಳಿಯನಿಗೂ ಹೇಳಿದಾಗ ಅವರೂ ನಕ್ಕರು. ಅದಕ್ಕೇನಂತೆ, ಬರಲ್ಲ ಅಂತ ಹೇಳಿಬಿಡು, ಅಂದಳು ಮಗಳು. ನಾನು ಹೋಗುವಂತೆಯೂ ಇರಲಿಲ್ಲ. ಅಲ್ಲೇ ಉಳಿಯಲು ಬೇಕಾದ ನನ್ನ ಕಾಗದಪತ್ರ ಇನ್ನೂ ಆಗಿರಲಿಲ್ಲ, ನಡುವೆ ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುವುದು ಕಷ್ಟವೆಂದು ವಕೀಲರು ಹೇಳಿದ್ದರು. ಡೇಕೇರಿನಲ್ಲಿ ಮಗುವಿಗೆ ಜಾಗ ಇಲ್ಲ. ಎಲ್ಲ ಸರಿ. ಆದರೆ ಬರಲ್ಲ ಎಂದು ಹಿರಿಯಳ ಎದುರಿಗೆ ಹೇಗೆ ಅನ್ನುವುದು? ನಾವು ದೀಪ ಆರಿಸು ಅಂತಲೂ ಅನ್ನುವವರಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಸಾವಿನ ಮನೆಯಿಂದ ಏಳುವಾಗ ಮಾತ್ರ ಬತ್ತೀನಿ ಅನ್ನುವುದಿಲ್ಲ. ಇವರಿಗೆ ಅದನ್ನು ಯಾವ ಮಾತಿನಲ್ಲಿ ಹೇಳಲಿ?

ಮುಂದಿನ ಭಾನುವಾರ ಅಕ್ಕನೇ ಬಂದಳು. ಶೀತಕ್ಕೆ ಇನ್ನೂ ದನಿ ಒಡೆದಿತ್ತು. ನಾನು ಬಾಯಿ ತೆಗೆಯುವ ಮೊದಲೇ ಮಗುವಿಗೆಂದು ಬೆಳ್ಳಿಯ ಕಾಲ್ಗಡಗ ಮಾಡಿಸಲು ಹೇಳಿದ್ದೇನೆ, ಕಾಲಿನ ಅಳತೆ ಹೇಳು ಅಂದಳು. ನಾನು ಅಳತೆ ಹೇಳಿದೆ. ಬೇರೆ ಏನೂ ಹೇಳಲಾಗಲಿಲ್ಲ. ಕೊನೆಗೆ ಬತ್ತೀನಿ ಅನ್ನಬಾರದೆಂದು ತುಟಿ ಕಚ್ಚಿಕೊಂಡು ನಿಂತೆ. ಏನೂ ಅನ್ನದೆಯೇ ಫೋನು ಹೋಯಿತು. ಅದರ ಮುಂದಿನ ಭಾನುವಾರದ ಹೊತ್ತಿಗೆ ನಾವು ಗಾಡಿಯನ್ನು ಮತ್ತೆ ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದೆವು. ಅಕ್ಕನಿಗೆ ಫೋನು ಮಾಡಬೇಕಾದರೆ ಯೂನಿಯನ್ ಸಿಟಿಯ ರೈಲು ನಿಲ್ದಾಣದ ಹೊರಗಿನ ಫೋನಿಗೆ ಹೋಗಬೇಕು. ಬಸ್ಸಿಗೆ ಹೆಸರು ಕೊಡಲು ಅದೇ ಕೊನೆಯ ವಾರ ಎಂದು ಸೊಸೆ ಹೇಳಿದ್ದಳು.

ಅಳಿಯ ನಂಬರು ಒತ್ತಿ ಕೊಟ್ಟು ದೂರ ಹೋಗಿ ನಿಂತ. ಮಗು ನನ್ನ ಸೊಂಟದ ಮೇಲಿತ್ತು. ಅಕ್ಕ ಹಲೋ ಅಂದಳು. ನಾನು ಕ್ಷೇಮ ಕೇಳಲಿಲ್ಲ, ಕೇಳಿದರೆ ಮತ್ತೆ ಜಾರುತ್ತೇನೆಂದು ಗೊತ್ತಿತ್ತು.

"ಅಕ್ಕ, ನಾನು ಬರಲ್ಲ. ನೀನು ಬಸ್ಸು ಹತ್ತು."

ಏನೂ ಕೇಳಿಸಲಿಲ್ಲ. ಮಾತು ಇನ್ನೂ ದಾರಿಯಲ್ಲಿದೆ ಎಂದುಕೊಂಡೆ. ಆಮೇಲೆ ಏನಂದೆ ಏನಂದೆ ಎಂದು ಅವಳು ಕೂಗಿದ್ದು ಬಂತು. ನಾನೂ ಕೂಗಿದೆ. ಬರಲ್ಲ ಕಣಕ್ಕ, ಬರಲ್ಲ. ರೈಲಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಗುವಿಗೆ ಅದು ಆಟವೆನಿಸಿತು. ಎರಡು ಕೈಯಲ್ಲೂ ಫೋನು ಎಳೆದುಕೊಂಡು, ಬಾಯಿಗೆ ಒತ್ತಿಕೊಂಡು, ಬರಲ್ಲ ಬರಲ್ಲ ಬರಲ್ಲ ಎಂದು ಹಾಡತೊಡಗಿತು. ಅಲ್ಲಿಯವರೆಗೆ ಅದರ ಬಾಯಲ್ಲಿ ನೋ, ಮೋರ್, ಕಾರ್ ಇವೇ ಇದ್ದವು. ಅಷ್ಟು ಸ್ಪಷ್ಟವಾಗಿ ಅದು ಆಡಿದ ಮೊದಲ ಕನ್ನಡ ಮಾತು ಅದು. ನನಗೆ ಅಳುವ ಹೊತ್ತಿನಲ್ಲೂ ಅದನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು, ಮುದ್ದಾಡಿದೆ ಕೂಡ.

ಫೋನು ಮತ್ತೆ ಕಿವಿಗೆ ಹಿಡಿದಾಗ ಅಕ್ಕನ ದನಿ ತೀರಾ ಹತ್ತಿರ ಇತ್ತು.

"ಅದು ಮಗಾನಾ?"

ಹೂಂ ಅಂದೆ.

"ಅದೂ ಬರಲ್ಲ ಅಂತದಲ್ಲೇ." ನಕ್ಕಳು. ನಕ್ಕದ್ದೋ ಕೆಮ್ಮಿದ್ದೋ, ಇಷ್ಟು ದೂರದಿಂದ ಹೇಗೆ ಹೇಳಲಿ. "ಆಯ್ತು ಬುಡವ್ವ."

ಕಾರ್ಡಿನಲ್ಲಿ ಇನ್ನೂ ಬೇಕಾದಷ್ಟು ಹೊತ್ತು ಉಳಿದಿತ್ತು. ಅವಳೇ ಮೊದಲು ಫೋನು ಇಟ್ಟಳು.

ಆ ಬಸ್ಸಿನಲ್ಲಿ ಅಕ್ಕ ಕಾಶಿಗೆ ಹೋದಳು. ಇಬ್ಬರು ಹೆಂಗಸರು ಕಂಕುಳಿಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸಿದರು ಎಂದು ಸೊಸೆ ಹೇಳಿದಳು. ಅವಳು ತಿರುಗಾಡುತ್ತಿದ್ದ ದಿನಗಳಲ್ಲಿ ನಾನು ಗಾಡಿ ಜಾಗ ಬದಲಿಸಿದಾಗಲೆಲ್ಲ ಈಗ ಅವಳ ಬಸ್ಸು ಎಲ್ಲಿ ನಿಂತಿರಬಹುದು, ಒಲೆ ಹೂಡಿರಬಹುದೇ, ಯಾವ ಕಡೆ ತಲೆ ಹಾಕಿ ಮಲಗಿರಬಹುದು ಅಂದುಕೊಳ್ಳುತ್ತಿದ್ದೆ. ಮಗುವಿಗೂ ಹೇಳುತ್ತಿದ್ದೆ, ನಿನ್ನ ದೊಡ್ಡಜ್ಜಿಯೂ ಈಗ ಗಾಡಿಮನೆಯವಳೇ ಎಂದು. ಆ ದಿನಗಳಷ್ಟು ಹಗುರ ನಾನು ಅಲ್ಲಿ ಯಾವತ್ತೂ ಇರಲಿಲ್ಲ.

ಅವಳು ಊರಿಗೆ ಬಂದ ಮೇಲೆ ಕೆಲವು ವಾರ ಫೋನಿಗೆ ಸಿಗಲಿಲ್ಲ. ಮಂಡಿ ಊದಿದೆ, ಬೂತಿನವರೆಗೆ ನಡೆಯಲಾಗುತ್ತಿಲ್ಲ, ಎಂದು ಸೊಸೆ ಬಂದು ಹೇಳಿ ಹೋಗುತ್ತಿದ್ದಳು. ಅಷ್ಟರಲ್ಲಿ ಇಲ್ಲಿ ಡಾಟ್ ಕಾಮಿನ ಗಾಳಿ ಇಳಿಯಿತು. ಅಳಿಯನ ಕಂಪನಿ ಮುಚ್ಚಿತು. ಜನ ಬಂದ ಹಾಗೇ ಹೊರಟು ಹೋದರು, ಅಪಾರ್ಟ್‌ಮೆಂಟುಗಳು ಖಾಲಿ ಬಿದ್ದವು. ಅವನಿಗೆ ಬೇರೆ ಕೆಲಸ ಸಿಗುವ ಹೊತ್ತಿಗೆ ಮಾಲೀಕರೇ ಕರೆದು ಮನೆ ಕೊಡುತ್ತಿದ್ದರು. ಸನ್ನಿವೇಲಿನಲ್ಲಿ ಎರಡು ಕೋಣೆಯ ಮನೆ ಮಾಡಿದೆವು. ಗಾಡಿಯನ್ನು ಯಾರೋ ಓಡಿಸಿಕೊಂಡು ಹೋದ ದಿನ ಮಗು ಕಿಟಕಿಯಲ್ಲಿ ನಿಂತು ನಮ್ಮ ಮನೆ ಹೋಯ್ತು ಎಂದು ಇಂಗ್ಲಿಷಿನಲ್ಲಿ ಅಳುತ್ತಿತ್ತು. ಹೊಸ ಮನೆಯಲ್ಲಿ ಗೋಡೆಗೇ ಫೋನು. ಊರಿನಲ್ಲೂ ಅಕ್ಕನ ಮಗ ಮನೆಗೆ ಫೋನು ಹಾಕಿಸಿದ. ಇಬ್ಬರೂ ಕುರ್ಚಿಯ ಮೇಲೆ ಕುಳಿತು ಮಾತಾಡುವ ಹಾಗಾಯಿತು.

ಮೊದಲ ಸಲ ಹಾಗೆ ಕುಳಿತಾಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಬತ್ತೀನಿ ಅಂದದ್ದು ಬರುತ್ತೇನೆಂದಲ್ಲ, ಫೋನು ಇಡುವುದಕ್ಕೆ. ಮನೆಯಿಂದ ಏಳುವಾಗ ಅನ್ನುವುದಿಲ್ಲವೇ, ಹಾಗೆ, ಅಂದೆ.

"ಅದು ಗೊತ್ತಿಲ್ವಾ ನಂಗೆ? ಬಂದು ಕುಂತೋಳು ಎದ್ದೋಗುವಾಗ ಬತ್ತೀನಿ ಅನ್ನೋದು. ನೀನು ಎಲ್ಲಿಂದ ಎದ್ದೋದೆ? ಇಲ್ಲಿಗೆ ಬಂದೇ ಇರಲಿಲ್ವಲ್ಲೇ."

ಅವಳು ಕೋಪದಲ್ಲಿ ಆಡಿದ್ದಲ್ಲ. ಆಡಿ, ಕಾಶಿಯ ಮಾತಿಗೆ ಹೋದಳು. ನೀರಿನ ತಂಪು, ದೋಣಿಯವನ ಜಗಳ, ಬಸ್ಸಿನ ಅಡಿಗೆಯವನು ಸಾರಿಗೆ ಬೆಲ್ಲ ಸುರಿದದ್ದು, ಪಕ್ಕದ ಸೀಟಿನವಳ ಗೊರಕೆ. ಕೇಳುತ್ತಾ ಕೇಳುತ್ತಾ ನಾನೂ ನಕ್ಕೆ. ಗಂಗೆಯ ನೀರು ತುಂಬಿ ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಗಳನ್ನು ಎಲ್ಲರಿಗೂ ತಂದಳಂತೆ. ಮಗನಿಗೆ, ಸೊಸೆಯ ತವರಿಗೆ, ಬೂತಿನವನಿಗೂ ಒಂದು.

"ನಿನಗೂ ಒಂದು ತಂದಿದ್ದೆ ಕಣೇ. ಬರಲ್ಲ ಅಂದ್ಯಲ್ಲ, ಪಕ್ಕದ ಮನೆಯೋಳಿಗೆ ಕೊಟ್ಬುಟ್ಟೆ."

ಒಳ್ಳೇದು ಮಾಡಿದೆ ಬುಡಕ್ಕ, ಅಂದೆ. ಮಗು ಫೋನಿನ ತಂತಿ ಹಿಡಿದು ಎಳೆಯುತ್ತಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಕ್ಕ ಅದರ ಕೈಯಲ್ಲಿ ಮಾತಾಡಿಸು ಅಂದಳು, ಅದು ಹಾಯ್ ಅಂದಿತು, ಅವಳು ಹಾಯ್ ಅಂದರೇನು ಅಂದಳು. ಆ ದಿನ ಬಹಳ ಹೊತ್ತು ಮಾತಾಡಿದೆವು. ನಡುವೆ ಬಾಯಿ ಹಾಕುವ ಹೆಂಗಸು ಇರಲಿಲ್ಲ, ಕಾಲು ನೋವಲ್ಲಿ ಕಾಯುವ ಬೂತಿನ ಬೆಂಚು ಇರಲಿಲ್ಲ. ಮಳೆ, ರಾಗಿ, ಹಸು, ಸೊಸೆಯ ಮೇಲಿನ ದೂರು, ಎಲ್ಲ ಬಂದು ಹೋಯಿತು. ಹೇಳುವುದು ಮುಗಿದ ಮೇಲೂ ನಾನು ಫೋನು ಇಡದೆ ಹಿಡಿದುಕೊಂಡಿದ್ದೆ. ಯಾವಾಗ ಬತ್ತೀಯೇ ಎಂದು ಅವಳು ಈಗ ಕೇಳುತ್ತಾಳೆ, ಇನ್ನು ಸ್ವಲ್ಪ ಹೊತ್ತಿಗೆ ಕೇಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಹಸುವಿಗೆ ಹುಲ್ಲು ಹಾಕಬೇಕು ಎಂದು ಎದ್ದಳು.